ಸೊನ್ನೆಯಮ್ಮನಿಗೊಂದು ಕೆಲಸ

ಕೆಲಸ ಹೋದ ಮೇಲೂ ಫೋನ್ ಎತ್ತಿದಾಗಲೆಲ್ಲ ಅವಳ ಬಾಯಿಂದ "ನಮಸ್ಕಾರ, ಆಸ್ಪತ್ರೆ" ಎಂದೇ ಬರುತ್ತಿತ್ತು. ಆ ಬೆಳಿಗ್ಗೆಯೂ ಹಾಗೇ ಆಯಿತು. ಅಡುಗೆಮನೆಯಿಂದ ಅತ್ತೆ ಕೂಗಿದರು.

"ಆಸ್ಪತ್ರೆ ನಿನ್ನನ್ನ ಬಿಟ್ಟು ತಿಂಗಳಾಯ್ತು ಕಣೆ. ನೀನು ಅದನ್ನ ಯಾವಾಗ ಬಿಡ್ತೀಯ?"

ಫೋನಿನ ಆ ಕಡೆ ಇದ್ದವನು ಅವಳ ಅಣ್ಣ. "ಯಾವ ವಾರ್ಡು ಬೇಕು ಅಂತ ಕೇಳ್ಬೇಡ, ನಾನು" ಎಂದು ನಕ್ಕ. ಅವನದು ಬೇರೆ ಊರು. ಬಣ್ಣ, ಮೊಳೆ, ನಲ್ಲಿ ಮಾರುವ ಅಂಗಡಿ. ಗಲ್ಲಾದಲ್ಲಿ ನಂಬಿಕಸ್ಥರೊಬ್ಬರು ಬೇಕಿದ್ದರು. ಅಂಗಡಿಯ ಮೇಲಿನ ಕೋಣೆಯೂ ಖಾಲಿ ಇತ್ತು.

"ಬಾ, ಇಲ್ಲೇ ಇರು. ಎಷ್ಟು ದಿನ ಅಂತ ಒದ್ದಾಡ್ತೀಯ?"

"ಅತ್ತೆ?"

"ಅವರಿಗೆ ಮಗಳಿಲ್ವಾ? ನಿನ್ನ ನಾದಿನೀನೂ ಕರೀತಿದ್ದಾಳಂತೆ. ನೀನು ನಮ್ಮನೆಗೆ, ಅವರು ಅವರ ಮಗಳ ಮನೆಗೆ. ಬಾಡಿಗೆ ಮನೆ ಕರಾರು ಮುಗಿಯೋಕೆ ಇನ್ನೆರಡು ತಿಂಗಳಿದೆ. ಅಷ್ಟರಲ್ಲಿ ಅಲ್ಲೇ ಕೆಲಸ ಸಿಕ್ತು, ಬಹಳ ಸಂತೋಷ. ಸಿಗ್ಲಿಲ್ಲ, ಸಾಮಾನು ಸಾಗಿಸೋಕೆ ನಾನೇ ಬರ್ತೀನಿ."

ಅಣ್ಣನದು ಒಳ್ಳೆಯ ಮನಸ್ಸು. ಅದೇ ತೊಂದರೆ. ಕೆಟ್ಟವನಾಗಿದ್ದರೆ ಇಲ್ಲವೆಂದು ಹೇಳಿ ಫೋನ್ ಇಡಬಹುದಿತ್ತು.

ಅವಳ ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಆಗ ಎಲ್ಲರೂ ಅವಳು ತವರಿಗೆ ಹೋಗುತ್ತಾಳೆಂದೇ ಅಂದುಕೊಂಡಿದ್ದರು. ಅವಳು ಹೋಗಲಿಲ್ಲ, ಅತ್ತೆ ಹೋಗು ಎನ್ನಲೂ ಇಲ್ಲ, ಇರು ಎನ್ನಲೂ ಇಲ್ಲ. ಎರಡನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ ಉಳಿದರು. ಯಾಕೆ ಹೀಗೆ ಉಳಿದೆವು ಎಂಬ ಮಾತನ್ನು ಇಬ್ಬರೂ ಎತ್ತಲಿಲ್ಲ. ಹೊಲಿಗೆಯ ಒಂದು ದಾರ ಎಳೆದರೆ ಉಳಿದದ್ದೂ ಬಿಚ್ಚಿಕೊಂಡೀತೆಂಬ ಹೆದರಿಕೆ.

ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಅವಳು ಕೂತದ್ದು ಇಪ್ಪತ್ತೆರಡು ವರ್ಷ. ನೆಲಮಹಡಿಯ ಮೆಟ್ಟಿಲ ಕೆಳಗಿನ ಕೋಣೆ, ಕಿಟಕಿಯಿಲ್ಲ. ಒಳಗಿನವರಿಗೆ ಯಾವ ಲೈನು ಬೇಕಾದರೂ ಸೊನ್ನೆ ಒತ್ತಬೇಕಿತ್ತು. ಸೊನ್ನೆ ಒತ್ತಿದರೆ ಇವಳು. ಹಾಗಾಗಿ ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರಿಗೂ ಇವಳು ಸೊನ್ನೆಯಮ್ಮ. ಕೆಲಸ ಕಲಿಸಿದ ಹಿರಿಯಾಕೆ ಮೊದಲ ದಿನವೇ ಹೇಳಿದ್ದಳು: "ಲೈನು ಸೇರಿಸು, ಸರಿದುಕೋ. ಅವರು ಮಾತಾಡುವಾಗ ನೀನು ಅಲ್ಲಿಲ್ಲ." ಅವಳು ಆ ಮಾತನ್ನು ಒಂದು ದಿನವೂ ಮೀರಿರಲಿಲ್ಲ. ಈಗ ಆಸ್ಪತ್ರೆಗೆ ಹೊಸ ಯಂತ್ರ ಬಂದಿತ್ತು. ತುರ್ತು ಚಿಕಿತ್ಸೆಗೆ ಒಂದನ್ನು ಒತ್ತಿ, ಔಷಧಿಗೆ ಎರಡನ್ನು ಒತ್ತಿ. ಅವಳ ಜೊತೆಗೇ, ಲಿಫ್ಟ್ ನಡೆಸುತ್ತಿದ್ದ ಲಿಫ್ಟಣ್ಣನನ್ನೂ ಮುಂಬಾಗಿಲ ಕೌಂಟರಿನ ಹುಡುಗಿಯನ್ನೂ ಮನೆಗೆ ಕಳಿಸಿದ್ದರು.

ಅಣ್ಣನ ಫೋನ್ ಬಂದ ಸಂಜೆ ಅತ್ತೆ ಬಟಾಣಿ ಸುಲಿಯುತ್ತ ವಿಚಾರಣೆ ಶುರು ಮಾಡಿದರು.

"ಇಲ್ಲಿವರೆಗೆ ಏನೇನು ಮಾಡಿದೀಯ, ಹೇಳು."

"ಅರ್ಜಿ ಹಾಕಿದೀನಿ ಅತ್ತೆ."

"ಎಲ್ಲೆಲ್ಲಿ?"

"ಕಂಡ ಕಂಡಲ್ಲೆಲ್ಲ."

"ಉತ್ತರ ಬಂತಾ?"

"ಒಂದು ಕಡೆಯಿಂದ ಬಂತು. ನಿಮ್ಮ ಅರ್ಜಿ ತಲುಪಿದೆ ಅಂತ."

"ಅದನ್ನ ಯಂತ್ರ ಕಳಿಸಿರುತ್ತೆ."

"ಹೂಂ."

ಅತ್ತೆ ಸಿಪ್ಪೆಯನ್ನು ಪಕ್ಕಕ್ಕೆ ಎಸೆದರು. "ಪರಿಚಯ ಇಲ್ಲದ ಮನೆಗೆ ಹುಡುಗನ ಫೋಟೋ ಕಳಿಸಿದ್ರೆ ಏನಾಗುತ್ತೆ ಗೊತ್ತಾ? ಕಪಾಟಿನೊಳಗೆ ಹಾಸೋ ಕಾಗದ ಆಗುತ್ತೆ. ಕೆಲಸಾನೂ ಒಂದು ಸಂಬಂಧಾನೇ. ಕುದುರಿಸ್ಬೇಕು."

ಈ ವಿದ್ಯೆಯಲ್ಲಿ ಅತ್ತೆಯದು ಪಳಗಿದ ಕೈ. ತಮ್ಮ ಕಾಲದಲ್ಲಿ ಸುತ್ತಲಿನ ಬೀದಿಗಳಲ್ಲಿ ಲೆಕ್ಕವಿಲ್ಲದಷ್ಟು ಮದುವೆ ಕುದುರಿಸಿದ್ದರು. ಯಾರಿಂದಲೂ ಏನೂ ತೆಗೆದುಕೊಂಡವರಲ್ಲ. ಕೇಳಿದರೆ, "ನಂದು ದಲ್ಲಾಳಿ ಕೆಲಸ ಅಲ್ಲಮ್ಮ, ಚಾಳಿ" ಎನ್ನುತ್ತಿದ್ದರು. ಸ್ವಂತ ಮಗನ ಮದುವೆಯೂ ಅವರದೇ ಕೈವಾಡ. ಒಮ್ಮೆ ನೆರೆಮನೆಯವರ ಸ್ಥಿತಿ ವಿಚಾರಿಸಲು ಆಸ್ಪತ್ರೆಗೆ ಫೋನ್ ಮಾಡಿದ್ದರಂತೆ. "ಗಾಬರಿ ಆಗ್ಬೇಡಿ, ನಾನು ವಾರ್ಡಿಗೆ ಕೊಡ್ತೀನಿ" ಎಂದ ಧ್ವನಿ ಮನಸ್ಸಿಗೆ ಹಿಡಿಸಿ, ಆ ಧ್ವನಿ ಯಾರದು, ಮದುವೆಯಾಗಿದೆಯೋ ಇಲ್ಲವೋ ಎಂದು ವಾರವಿಡೀ ಹುಡುಕಿಸಿದ್ದರು.

"ಗೊತ್ತಿರೋರನ್ನೆಲ್ಲ ಹೇಳ್ತಾ ಹೋಗು" ಎಂದರು.

ಅವಳು ಗೆಳತಿಯಿಂದ ಶುರುಮಾಡಿ ಸೋದರತ್ತೆಯ ಮಗನ ತನಕ ಬಂದಳು. ಅತ್ತೆ ತಲೆಯಾಡಿಸಿದರು.

"ಇವರಿಗೆ ಗೊತ್ತಿರೋದೆಲ್ಲ ನಮಗೂ ಗೊತ್ತಿರುತ್ತೆ. ನಾನು ಮಾಡಿಸಿದ ಒಳ್ಳೊಳ್ಳೆ ಮದುವೆಗಳು ಯಾವುದೂ ಚಿಕ್ಕಪ್ಪ ದೊಡ್ಡಪ್ಪನ ಕಡೆಯಿಂದ ಬರ್ಲಿಲ್ಲ. ಗಡಿಯಾರ ರಿಪೇರಿಯವನಿಂದ ಬಂತು, ಬಸ್ಸಲ್ಲಿ ಪಕ್ಕ ಕೂತೋಳಿಂದ ಬಂತು. ದೂರದೋರನ್ನ ಹಿಡಿ."

"ದೂರದೋರಿಗೆ ನನ್ನ ಮುಖಾನೇ ಗೊತ್ತಿಲ್ವಲ್ಲ ಅತ್ತೆ."

"ಧ್ವನಿ ಗೊತ್ತಿದೆ. ಸಾಕು. 'ಅಯ್ಯೋ ಪಾಪ' ಅನ್ನೋರನ್ನ ಮಾತ್ರ ಕೊನೆಗಿಟ್ಕೋ. ಅವರ ಮನೇಲಿ ಟೀ ಸಿಗುತ್ತೆ, ದಾರಿ ಸಿಗಲ್ಲ. ಇನ್ನೊಂದು, ಹೋದ ಕೂಡಲೇ ಕೆಲಸ ಕೊಡಿ ಅಂತ ಕೇಳ್ಬೇಡ. ಬಾಗಿಲಲ್ಲೇ ಹೆಣ್ಣು ಕೊಡಿ ಅಂದ್ರೆ ಯಾರು ಕೊಡ್ತಾರೆ? ಇಂಥದ್ದು ಬಲ್ಲೆ, ಇದು ಎಲ್ಲಿ ಬೇಕಾಗುತ್ತೆ, ನಿಮಗೆ ತೋಚಿದ್ದು ಹೇಳಿ ಅನ್ನು. ಬುದ್ಧಿ ಹೇಳೋ ಅವಕಾಶಾನ ಯಾರೂ ಬಿಡಲ್ಲ. ಎದ್ದು ಬರೋ ಮುಂಚೆ ಇನ್ನಿಬ್ಬರ ಹೆಸರು ಈಸ್ಕೊಂಡು ಬಾ."

ಮೊದಲು ಹೋದದ್ದು ನಿವೃತ್ತಳಾಗಿದ್ದ ಮೇಟ್ರನ್ ಮನೆಗೆ. ಆಕೆ ಆಸ್ಪತ್ರೆಯ ಎಲ್ಲ ನರ್ಸುಗಳ ಮೇಲೆ ದರ್ಬಾರು ನಡೆಸಿದವಳು. ಬಾಗಿಲ ಸರಪಳಿ ತೆಗೆಯದೆ ಸಂದಿಯಿಂದಲೇ ನೋಡಿ, "ಯಾರು ಬೇಕಾಗಿತ್ತು?" ಎಂದಳು.

ದಾರಿಯುದ್ದಕ್ಕೂ ಉರುಹೊಡೆದದ್ದೆಲ್ಲ ಅವಳಿಗೆ ಮರೆತೇಹೋಯಿತು. "ಮೇಟ್ರನ್ ಅವರಾ? ಒಂದು ನಿಮಿಷ, ಲೈನಲ್ಲೇ ಇರಿ" ಎಂದುಬಿಟ್ಟಳು.

ಸರಪಳಿ ಜಾರಿ ಬಿತ್ತು. "ಸೊನ್ನೆಯಮ್ಮ! ಇಷ್ಟು ಕುಳ್ಳಗಿದ್ದೀಯಾ ನೀನು? ಆ ಧ್ವನಿ ಕೇಳಿ ಆರಡಿ ಇರ್ತೀಯ ಅಂದ್ಕೊಂಡಿದ್ದೆನಲ್ಲೇ!"

ಅತ್ತೆ ಹೇಳಿದ ಹಾಗೇ ಆಯಿತು. ಮೇಟ್ರನ್ ಬುದ್ಧಿ ಹೇಳಿದಳು, ಬೇಡವೆಂದರೂ ಹೇಳಿದಳು, ಕೊನೆಗೆ ಎರಡು ಹೆಸರು ಕೊಟ್ಟಳು: ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿಯ ಮ್ಯಾನೇಜರು, ಹೊಸದಾಗಿ ಕ್ಲಿನಿಕ್ ತೆರೆದಿದ್ದ ಹಲ್ಲಿನ ಡಾಕ್ಟರು.

ಲಾಂಡ್ರಿ ಹಬೆಯಿಂದ ಬೆವರುತ್ತಿತ್ತು. ಮ್ಯಾನೇಜರು ಅವಳ ಮಾತನ್ನೆಲ್ಲ ಕೇಳಿ, "ಆಸ್ಪತ್ರೆಗಳಿಂದ ಫೋನ್ ಬರುತ್ತೆ, ಯಾವ ಮಹಡಿಗೆ ಎಷ್ಟು ಬಟ್ಟೆ ಅಂತ ಗೊತ್ತು ಮಾಡ್ಕೊಂಡು ತಲುಪಿಸ್ಬೇಕು. ಆಸ್ಪತ್ರೆ ಒಳಗಿನ ದಾರಿ ತಿಳಿದೋರು ಬೇಕು. ಅಂಥೋರು ಯಾರಾದ್ರೂ ಗೊತ್ತಾ?" ಎಂದ.

ಅವಳು ಮನೆಗೆ ಬಂದಾಗ ಮುಖ ಅರಳಿತ್ತು.

"ಸಿಕ್ತಾ?" ಎಂದರು ಅತ್ತೆ.

"ಸಿಕ್ತು ಅತ್ತೆ, ಲಿಫ್ಟಣ್ಣನಿಗೆ!"

ಅತ್ತೆ ಹಣೆ ಚಚ್ಚಿಕೊಂಡರು. ಆಮೇಲೆ, "ಹೋಗ್ಲಿ, ಅವನಿಗೂ ಸಂಸಾರ ಇದೆ" ಎಂದರು.

ಮುಂದಿನ ವಾರ ಹಲ್ಲಿನ ಡಾಕ್ಟರು. ಅವನೂ ಹಾಗೇ ಕೇಳಿದ: ಬಂದವರನ್ನು ನಗುತ್ತ ಕೂರಿಸುವವರು ಯಾರಾದರೂ ನಿಮಗೆ ಗೊತ್ತೇ? ಆ ಸಂಜೆ ಅವಳು ತಗ್ಗಿದ ದನಿಯಲ್ಲಿ ಕೌಂಟರಿನ ಹುಡುಗಿಗೆ ಕೆಲಸವಾದ ಸುದ್ದಿ ಹೇಳಿದಾಗ ಅತ್ತೆ ಪಾತ್ರೆಯ ಮುಚ್ಚಳವನ್ನು ದಡ್ಡನೆ ಮುಚ್ಚಿದರು.

"ಮಗನಿಗೆ ಹೆಣ್ಣು ನೋಡೋಕೆ ಹೋಗಿ, ಪಕ್ಕದ ಮನೆ ಹುಡುಗನ ಮದುವೆ ಮುಗಿಸ್ಕೊಂಡು ಬಂದೆಯಲ್ಲೇ! ಅದೂ ಎರಡೆರಡು ಸಲ!"

"ಅವರು ಯಾರಾದ್ರೂ ಗೊತ್ತಾ ಅಂತ ಕೇಳಿದ್ರು ಅತ್ತೆ."

"ಎದುರಿಗೆ ಕೂತಿದ್ದೋಳು ನೀನು! ಅವರು ಕೇಳಿದ್ದು ನಿನ್ನನ್ನೇ ಕಣೆ, ಪೆದ್ದಿ!"

ಅವಳು ಲೈನು ಸೇರಿಸಿ ಸರಿದುಕೊಂಡೇ ಅಭ್ಯಾಸವಾದವಳು. ಯಾರಿಗೋ ಯಾರೋ ಬೇಕೆಂದರೆ ಮನಸ್ಸು ತಂತಾನೇ ಮೂರನೆಯವರನ್ನು ಹುಡುಕುತ್ತಿತ್ತು. ಆ ಮೂರನೆಯವರು ತಾನೇ ಆಗಬಹುದೆಂದು ಹೊಳೆಯುತ್ತಲೇ ಇರಲಿಲ್ಲ.

ಅಷ್ಟೇ ಅಲ್ಲ, ಒಳಗೆ ಇನ್ನೊಂದು ಮುಳ್ಳೂ ಇತ್ತು. ಹಿಂದಿನ ದಿನ ನಾದಿನಿಯ ಫೋನ್ ಬಂದಿತ್ತು. ಅಮ್ಮನಿಗಾಗಿ ಕೋಣೆ ತೊಳೆಸಿ ಸಿದ್ಧಮಾಡಿದ್ದಾಳಂತೆ. ಅತ್ತೆ, "ಆಯ್ತು, ನೋಡೋಣ" ಎಂದದ್ದು ಇವಳ ಕಿವಿಗೆ ಬಿದ್ದಿತ್ತು. ಹೆತ್ತ ಮಗಳ ಮನೆ, ಹೋಗಬೇಕೆಂದು ಆಸೆಯಿರಬಹುದು. ಸೊಸೆಗೆ ಒಂದು ನೆಲೆ ಮಾಡಿಕೊಟ್ಟು, ಋಣ ತೀರಿಸಿಕೊಂಡು ಹೊರಡುವ ಲೆಕ್ಕಾಚಾರವೇ ಇದೆಲ್ಲ? ಅವಳಿಗೆ ಕೇಳಲು ಧೈರ್ಯ ಬರಲಿಲ್ಲ.

ಅತ್ತೆ ಸೋಲೊಪ್ಪುವವರಲ್ಲ. ಮಾರನೆಯ ಮಧ್ಯಾಹ್ನ ತಮ್ಮ ಮೊಬೈಲು ಹಿಡಿದು ಎದ್ದರು.

"ಮುಖ ನೋಡಿದ್ರೆ ನಿನಗೆ ಬಾಯಿ ಕಟ್ಟುತ್ತೆ. ಫೋನಲ್ಲಾದ್ರೆ ಬರುತ್ತೆ. ಅಲ್ಲೇ ಕಲಿ. ನಾನು ಕೋಣೇಲಿ ಕೂತ್ಕೊಂಡು ಮಾಡ್ತೀನಿ, ನೀನು ಇಲ್ಲಿಂದ ಎತ್ತು. ನಾನು ಆಫೀಸಿನ ದೊಡ್ಡ ಸಾಹೇಬ."

ಕೋಣೆಯ ಬಾಗಿಲು ಮುಚ್ಚಿತು. ಅಡುಗೆಮನೆಯಲ್ಲಿ ಅವಳ ಫೋನ್ ರಿಂಗಾಯಿತು.

"ನಮಸ್ಕಾರ, ಆಸ್ಪ—"

"ತಪ್ಪು! ಇಡು." ಮತ್ತೆ ರಿಂಗಾಯಿತು. ಈ ಸಲ ಗುಡುಗಿನಂಥ ಗಡಸು ದನಿ, ನಡುನಡುವೆ ಕೆಮ್ಮು. "ನಾನು ದೊಡ್ಡ ಸಾಹೇಬ್ರು ಮಾತಾಡ್ತಿರೋದು. ನಿಮಗೆ ಯಾಕ್ರೀ ಕೆಲಸ ಕೊಡ್ಬೇಕು?"

"ಸಾರ್, ನಾನು ಇಪ್ಪತ್ತೆರಡು ವರ್ಷ ಬೋರ್ಡ್ ನೋಡ್ಕೊಂಡಿದ್ದೆ. ನನಗಿಂತ ಚೆನ್ನಾಗಿ ನನ್ನ ಜೊತೆ ರಾತ್ರಿ ಪಾಳಿಯವರು—"

"ಮತ್ತೆ ಬೇರೆಯವರ ಮೆರವಣಿಗೇನಾ! ಇಡು!"

ಮೂರನೇ ಸಲ, ನಾಲ್ಕನೇ ಸಲ. ಅವಳಿಗೆ ನಗು ತಡೆಯದಾಯಿತು. ಬಾಗಿಲಾಚೆಯಿಂದ ಸಾಹೇಬರೂ ನಗುತ್ತಿದ್ದದ್ದು ಕೇಳಿಸಿತು. ಐದನೇ ಸಲ ಸಾಹೇಬರು ಸ್ವಲ್ಪ ತಡೆದು ಕೇಳಿದರು.

"ಅಲ್ರೀ, ಬೇರೆ ಊರಲ್ಲಿ ನಿಮ್ಮಣ್ಣನ ಅಂಗಡೀಲೇ ಕೆಲಸ ಕಾದಿದೆಯಂತಲ್ಲ. ಮೇಲೆ ಕೋಣೇನೂ ಇದೆಯಂತೆ. ಅದನ್ನ ಬಿಟ್ಟು ಇಲ್ಲೇ ಯಾಕೆ ಹುಡುಕ್ತಿದೀರಿ?"

ಗಡಸು ದನಿ ಅಲ್ಲಲ್ಲಿ ಜಾರುತ್ತಿತ್ತು. ಅವಳು ಗೋಡೆಗೆ ಒರಗಿದಳು. ಎದುರಿಗೆ ಮುಖವಿರಲಿಲ್ಲ, ಧ್ವನಿ ಮಾತ್ರ. ಅವಳಿಗೆ ಅಭ್ಯಾಸವಾದದ್ದು ಅದೇ.

"ಇಲ್ಲಿ ನಮ್ಮತ್ತೆ ಇದ್ದಾರೆ ಸಾರ್."

"ಅವರಿಗೆ ಮಗಳಿದ್ದಾಳಲ್ಲ."

"ಇದ್ದಾರೆ. ಅತ್ತೆಗೆ ಅಲ್ಲಿಗೆ ಹೋಗೋ ಮನಸ್ಸಿದ್ರೆ ನಾನು ತಡೆಯಲ್ಲ. ಆದ್ರೆ ನನಗೆ ಅವರ ಜೊತೇಲೇ ಇರ್ಬೇಕು ಅಂತ ಆಸೆ. ಬೆಳಿಗ್ಗೆ ಅವರು ಒಂದು ಸಲ ಬೈದ್ರೇನೇ ನನಗೆ ಬೆಳಗಾಗೋದು. ಅಲ್ಲಿ ನಮ್ಮಣ್ಣ ಚೆನ್ನಾಗಿ ನೋಡ್ಕೋತಾನೆ, ಯಾರೂ ಬೈಯಲ್ಲ. ಅಲ್ಲಿ ನಾನು ನೆಂಟಳಾಗಿರ್ತೀನಿ ಸಾರ್. ಇಲ್ಲಿ ಮನೆಯವಳು."

ಲೈನು ಮೌನವಾಯಿತು. ಫೋನಿನ ಮೌನಗಳನ್ನು ಅವಳು ಬಲ್ಲಳು. ಇದು ಇಟ್ಟುಹೋದವರ ಮೌನವಲ್ಲ. ಸ್ವಲ್ಪ ಹೊತ್ತಿಗೆ ಮೂಗೆಳೆದುಕೊಂಡ ಸದ್ದು ಕೇಳಿಸಿತು, ಒಂದು ಸಲ ಫೋನಿನಲ್ಲಿ, ಅದೇ ಸದ್ದು ಬಾಗಿಲ ಸಂದಿಯಿಂದ.

"ನಿಮ್ಮತ್ತೆ ಏನಂತಾರೆ, ಕೇಳಿದೀರಾ?" ದನಿಯಲ್ಲೀಗ ಗಡಸು ಉಳಿದಿರಲಿಲ್ಲ.

"ಇಲ್ಲ ಸಾರ್. ಧೈರ್ಯ ಬರ್ಲಿಲ್ಲ."

"ಕೇಳೋಕೇನಿದೆ? ಮಗಳ ಮನೇಲಿ ಆ ಮುದುಕಿ ಬಾಯಿ ಬಿಟ್ಟು ಬೈಯೋಕಾಗುತ್ತಾ? ಅಳಿಯ ಇರ್ತಾನೆ, ಸದಾ ಒಳ್ಳೆಯವಳಾಗಿರ್ಬೇಕು. ಆ ವಯಸ್ಸಲ್ಲಿ ಅಷ್ಟು ಕಷ್ಟ ಯಾರಿಗೆ ಬೇಕು?"

"ಹಾಗಾದ್ರೆ ಇರ್ತಾರಾ ಸಾರ್?"

"ಇರ್ತಾಳೆ. ನೀನು ಕೆಲಸ ಹುಡುಕು ಮೊದಲು." ಬಾಗಿಲು ತೆರೆಯಿತು. ಕೆಂಪಾದ ಮೂಗಿನ ಅತ್ತೆ ಕಿವಿಗೆ ಫೋನ್ ಹಿಡಿದೇ ಹೊಸ್ತಿಲಲ್ಲಿ ನಿಂತಿದ್ದರು. "ಯಾಕೆ ಬೇಕು ಕೆಲಸ ಅಂತ ಯಾರಾದ್ರೂ ಕೇಳಿದ್ರೆ ಈಗ ಹೇಳಿದ್ದನ್ನೇ ಹೇಳು. ಬೈಯೋ ವಿಷಯ ಮಾತ್ರ ಬಿಡು, ಮನೆ ಮರ್ಯಾದೆ."

ಕರಾರು ಮುಗಿಯಲು ಮೂರು ವಾರ ಉಳಿದಿತ್ತು. ಅವಳು ದಿನವೂ ಯಾರನ್ನಾದರೂ ಕಂಡು ಬರುತ್ತಿದ್ದಳು: ಆಮ್ಲಜನಕದ ಸಿಲಿಂಡರು ಸರಬರಾಜು ಮಾಡುವವನು, ಔಷಧಿ ಅಂಗಡಿಯವಳು, ಹಿಂದೆ ರಕ್ತನಿಧಿಯಲ್ಲಿದ್ದ ಕ್ಲರ್ಕು. ಕೆಲವರು ಬುದ್ಧಿ ಹೇಳಿದರು, ಕೆಲವರು ಟೀ ಕೊಟ್ಟರು. ಸಹಾಯ ಮಾಡಿದವರಿಗೆಲ್ಲ ವಾರಕ್ಕೊಮ್ಮೆ ಫೋನ್ ಮಾಡಿ, "ನೀವು ಹೇಳಿದ ಕಡೆ ಹೋಗಿದ್ದೆ, ಹೀಗಾಯ್ತು" ಎಂದು ತಿಳಿಸಬೇಕೆಂಬುದು ಅತ್ತೆಯ ಕಟ್ಟಪ್ಪಣೆ. "ಸುದ್ದಿ ಹೇಳದೋರಿಗೆ ಎರಡನೇ ಹೆಣ್ಣು ಯಾರೂ ತೋರಿಸಲ್ಲ."

ಹಾಗೆ ಒಂದು ದಿನ ಲಿಫ್ಟಣ್ಣನಿಗೆ ಫೋನ್ ಮಾಡಿದಾಗ ಅವನೇ ಅವಸರದಲ್ಲಿದ್ದ.

"ಸೊನ್ನೆಯಮ್ಮ, ನಾನೇ ಮಾಡೋನಿದ್ದೆ. ಆಂಬುಲೆನ್ಸ್ ಕಂಟ್ರೋಲ್ ರೂಮಿಗೆ ಬಟ್ಟೆ ಕೊಡೋಕೆ ಹೋಗಿದ್ದೆ. ಅಲ್ಲಿ ಫೋನ್ ಎತ್ತೋರೊಬ್ರು ಬಿಟ್ಟುಹೋಗಿದ್ದಾರೆ. ಇನ್ನೂ ಎಲ್ಲೂ ಜಾಹೀರಾತು ಹಾಕಿಲ್ಲ. ನಿಮ್ಮ ವಿಷಯ ಹೇಳಿ ಬಂದಿದೀನಿ. ಹೆಸರು ಕೇಳಿದ್ರು. ಸೊನ್ನೆಯಮ್ಮ ಅಂದೆ. ಇನ್ನೇನು ಹೇಳ್ಲಿ, ಇಷ್ಟು ವರ್ಷ ಆದ್ರೂ ನಿಮ್ಮ ಹೆಸರೇ ಗೊತ್ತಿಲ್ವಲ್ಲ ನನಗೆ!"

ಕಂಟ್ರೋಲ್ ರೂಮು ಅಗ್ನಿಶಾಮಕ ಠಾಣೆಯ ಹಿಂಭಾಗದಲ್ಲಿತ್ತು. ಉದ್ದನೆಯ ಮೇಜು, ನಾಲ್ಕು ಕಂಪ್ಯೂಟರು, ತಲೆಗೆ ಸಿಕ್ಕಿಸುವ ಫೋನುಗಳು, ಗೋಡೆಯ ತುಂಬ ಊರಿನ ನಕ್ಷೆ. ಒಂದು ಕುರ್ಚಿ ಖಾಲಿ. ಮುಖ್ಯಸ್ಥೆ ಕತ್ತರಿಸಿದ ಕೂದಲಿನ, ಹಿಂದೆ ಆಂಬುಲೆನ್ಸ್ ಓಡಿಸುತ್ತಿದ್ದ ಹೆಂಗಸು. ಕರೆ ಬಂದಾಗಲೆಲ್ಲ ಅರ್ಧ ಕಿವಿಯನ್ನು ಆ ಕಡೆಗಿಟ್ಟೇ ಮಾತಾಡುತ್ತಿದ್ದಳು.

"ನಿಮ್ಮ ಧ್ವನಿ ನೆನಪಿದೆ ನನಗೆ. ಎಷ್ಟು ಸಲ ದಾರಿಯಿಂದ ನಿಮಗೆ ಫೋನ್ ಮಾಡಿ ಹಾಸಿಗೆ ಇದೆಯಾ ಅಂತ ಕೇಳಿದೀನಿ" ಎಂದಳು. ಆಮೇಲೆ ಪೆನ್ನಿನಿಂದ ಮೇಜು ತಟ್ಟುತ್ತ, "ಸುಳ್ಳು ಹೇಳಲ್ಲ. ನಾವು ಯೋಚಿಸ್ತಿದ್ದದ್ದು ಸ್ವಲ್ಪ ಚಿಕ್ಕ ವಯಸ್ಸಿನವರನ್ನ. ಕಂಪ್ಯೂಟರ್ ಬೇಗ ಕಲೀಬೇಕಲ್ಲ. ಅಂಥವರು ಯಾರಾದ್ರೂ ಗೊತ್ತಾ ನಿಮಗೆ?" ಎಂದಳು.

ಗೊತ್ತಿದ್ದಳು. ಕೌಂಟರಿನ ಹುಡುಗಿ ಹಿಂದಿನ ದಿನವಷ್ಟೇ ಫೋನ್ ಮಾಡಿ ಹಲ್ಲಿನ ಡಾಕ್ಟರು ಸಿಡುಕನೆಂದು ಗೋಳಾಡಿದ್ದಳು. ಅವಳ ನಂಬರು ನಾಲಿಗೆಯ ತುದಿಗೆ ಬಂದು ನಿಂತಿತು. ಸೊನ್ನೆಯಮ್ಮ ಬಾಯಿ ತೆರೆದಳು, ಮುಚ್ಚಿದಳು. ಕೈಗಳನ್ನು ಮೇಜಿನ ಮೇಲಿಟ್ಟಳು.

"ಒಬ್ಬಳು ಗೊತ್ತು. ನನಗಿಂತ ಬೇಗ ಕಲೀತಾಳೆ. ಮುಂದೆ ಇನ್ನೊಂದು ಜಾಗ ಖಾಲಿಯಾದ್ರೆ ಅವಳ ನಂಬರು ಕೊಡ್ತೀನಿ. ಈ ಕುರ್ಚಿ ನನಗೆ ಬೇಕು ಮೇಡಂ. ನಾನು ಬಂದಿರೋದು ನನಗೋಸ್ಕರ."

ಹೇಳಿದ ಮೇಲೆ ಕಿವಿಯವರೆಗೂ ಬಿಸಿಯಾಯಿತು. ಆದರೆ ಮಾತು ನಿಲ್ಲಲಿಲ್ಲ. ಗಾಬರಿಯಾದವರು ಮೊದಲು ನಡೆದ ಕಥೆ ಹೇಳುತ್ತಾರೆ, ಎಲ್ಲಿದ್ದೇವೆಂದು ಹೇಳುವುದಿಲ್ಲ. ಕಥೆ ತಡೆಯದೆ ನಡುವೆ ವಿಳಾಸ ತೆಗೆಸುವುದು ತನಗೆ ಗೊತ್ತು ಎಂದಳು. ಕಂಪ್ಯೂಟರ್ ನಿಧಾನವಾಗಿ ಬರುತ್ತದೆ, ಆದರೆ ಬಂದದ್ದು ಹೋಗುವುದಿಲ್ಲ ಎಂದಳು.

ಮುಖ್ಯಸ್ಥೆ ಅವಳನ್ನೇ ನೋಡುತ್ತಿದ್ದಳು. "ಇದು ಸುಲಭದ ಕೆಲಸ ಅಲ್ಲ. ಪಾಳಿ ಬದಲಾಗ್ತಾ ಇರುತ್ತೆ. ಇಷ್ಟೊಂದು ಯಾಕೆ ಬೇಕು ನಿಮಗೆ?"

"ಕೆಲಸ ಸಿಗದಿದ್ರೆ ಬೇರೆ ಊರಿಗೆ ಹೋಗ್ಬೇಕು. ಇಲ್ಲಿ ನಮ್ಮತ್ತೆ ಇದ್ದಾರೆ. ಅವರ ಜೊತೇಲಿ ಇರೋಕೆ."

"ಅತ್ತೆಯಿಂದ ದೂರ ಹೋಗೋಕೆ ಕೆಲಸ ಕೇಳಿದೋರನ್ನ ನೋಡಿದೀನಿ" ಎಂದು ಮುಖ್ಯಸ್ಥೆ ನಕ್ಕಳು. ಪಕ್ಕದ ಮೇಜಿನ ಹುಡುಗನೂ ತಿರುಗಿ ನೋಡಿದ. "ಮೂರು ತಿಂಗಳು ಪರೀಕ್ಷೆಗೆ ಅಂತ ತಗೋತೀನಿ. ಕಂಪ್ಯೂಟರ್ ಬಂದ್ರೆ ಕಾಯಂ. ಸೋಮವಾರ ಬನ್ನಿ. ಬರುವಾಗ ನಿಮ್ಮ ನಿಜವಾದ ಹೆಸರಿರೋ ಕಾಗದ ತನ್ನಿ, ಸೊನ್ನೆಯಮ್ಮ ಅಂತ ಬರ್ಕೊಳ್ಳೋಕಾಗಲ್ಲ."

ಮನೆಯಲ್ಲಿ ಅತ್ತೆ ಸುದ್ದಿ ಕೇಳಿ ಕುರ್ಚಿಯಲ್ಲಿ ಕೂತರು, ಎದ್ದರು, ಮತ್ತೆ ಕೂತರು. ಪರೀಕ್ಷೆ ಎಂದರೇನು, ರಾತ್ರಿ ಪಾಳಿಗೆ ಗಾಡಿ ಕಳಿಸುತ್ತಾರಾ, ಆ ಮುಖ್ಯಸ್ಥೆಗೆ ಮದುವೆಯಾಗಿದೆಯಾ ಎಂದು ಒಂದೇ ಉಸಿರಿನಲ್ಲಿ ಕೇಳಿದರು.

"ಅತ್ತೆ!"

"ಸುಮ್ನೆ ಕೇಳ್ದೆ ಕಣೆ. ಮೊದಲು ಫೋನ್ ತಗೋ. ಮೇಟ್ರನ್ನಿಗೆ ಹೇಳು, ಲಿಫ್ಟಣ್ಣನಿಗೆ ಹೇಳು. ಅವರಿಗೆ ಬೇರೆಯವರ ಬಾಯಿಂದ ತಿಳೀಬಾರದು."

ಮೇಟ್ರನ್ ಫೋನಿನಲ್ಲೇ ಮತ್ತಷ್ಟು ಬುದ್ಧಿ ಹೇಳಿದಳು. ಲಿಫ್ಟಣ್ಣ ಕಿರುಚಿದ್ದು ಅಡುಗೆಮನೆಗೂ ಕೇಳಿಸಿತು. ಉಳಿದದ್ದು ಅಣ್ಣ. ಅವಳು ಫೋನನ್ನು ಅತ್ತೆಯ ಕಡೆ ಚಾಚಿದಳು.

"ನೀವೇ ಹೇಳಿ ಅತ್ತೆ. ನೀವಂದ್ರೆ ಅವನಿಗೆ ಗೌರವ."

ಅತ್ತೆ ಕೈ ಹಿಂದಕ್ಕೆಳೆದುಕೊಂಡರು. "ನಾನು ಹೇಳಿದ್ರೆ ಚೆನ್ನಾಗಿರಲ್ಲ. ನೋಡು, ಈ ಮುದುಕಿ ನನ್ನ ತಂಗೀನ ಹಿಡ್ಕೊಂಡುಬಿಟ್ಟಿದ್ದಾಳೆ ಅಂದ್ಕೋತಾನೆ."

"ಹಿಡ್ಕೊಂಡಿಲ್ವಾ?"

ಅತ್ತೆ ಕಿಟಕಿಯ ಕಡೆ ನೋಡಿದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು.

"ಹಿಡ್ಕೊಂಡಿದೀನಿ. ಆದ್ರೆ ಅದನ್ನ ಬೀಗರ ಹತ್ತಿರ ಹೇಳೋದಾ? ನೀನೇ ಮಾಡು."

ಅವಳು ನಂಬರು ಒತ್ತಿದಳು. ಅಣ್ಣ ಎತ್ತಿ ಮಾತು ಶುರುಮಾಡುವ ಮೊದಲೇ, "ಅಣ್ಣ, ನನಗೆ ಕೆಲಸ ಸಿಕ್ತು. ನಾನು ಇಲ್ಲೇ ಇರ್ತೀನಿ" ಎಂದಳು. ಅತ್ತೆ ಪಕ್ಕದಲ್ಲೇ ನಿಂತು, ಕೇಳಿಸದವರ ಹಾಗೆ ಮೇಜಿನ ಧೂಳು ಒರೆಸುತ್ತಿದ್ದರು.